ಒಂಬತ್ತು ಸಾಮಾನಿನ ಪುಡಿಯಲ್ಲಿ ಯಾವುದು? – ಪುಟ್ಟಿಯ ಊಟದ ಲೆಕ್ಕ

5 ತಿಂಗಳು 28 ದಿನ

ನಾಡಿದ್ದಿನಿಂದ ಪುಟ್ಟಿಗೆ ಊಟ ಶುರು. ಒಂದು ಹಳೇ ನೋಟ್‌ಬುಕ್ ಇಟ್ಟುಕೊಂಡಿದ್ದೇನೆ. ಏನು ಕೊಟ್ಟೆ, ಎಷ್ಟು ಚಮಚ, ಎಷ್ಟು ಗಂಟೆಗೆ, ಆಮೇಲೆ ಏನಾಯ್ತು, ಇಷ್ಟನ್ನೇ ಬರೆಯುವುದು. ಒಂದು ಹೊಸ ಸಾಮಾನು ಕೊಟ್ಟರೆ ಮೂರು ದಿನ ಬೇರೆ ಹೊಸದಿಲ್ಲ. ಕೊಡುವುದು ಬೆಳಿಗ್ಗೆಯೇ, ಏನಾದರೂ ಆದರೆ ಇಡೀ ಹಗಲು ಕಣ್ಣೆದುರಿಗೇ ಇರುತ್ತಾಳಲ್ವಾ. ಎರಡನೇ ತಿಂಗಳಿಂದ ಅವಳ ಕೆನ್ನೆ, ಮೊಣಕೈ ಮಡಿಕೆ ಎಲ್ಲ ಒಣಗಿ ಕೆಂಪಾಗಿದೆ, ಡಾಕ್ಟರ್ ಎಕ್ಸಿಮಾ ಅಂದಿದ್ದಾರೆ. ಅದನ್ನೂ ಮೊದಲ ಪುಟದಲ್ಲಿ ಬರೆದಿಟ್ಟೆ.

6 ತಿಂಗಳು 12 ದಿನ

ಕುಚ್ಚಲಕ್ಕಿ ಗಂಜಿ ಆಯ್ತು. ರಾಗಿ ಮಣ್ಣಿ ಆಯ್ತು, ಬೆಲ್ಲ ಹಾಕದೆ. ಹೆಸರುಬೇಳೆ ಕಟ್ಟೂ ಆಯ್ತು. ಮೂರಕ್ಕೂ ಏನೂ ಆಗಲಿಲ್ಲ. ರಾಗಿ ಅಂದರೆ ಬಾಯಿ ತೆರೆದುಕೊಂಡೇ ಕೂರುತ್ತಾಳೆ.

6 ತಿಂಗಳು 20 ದಿನ

ಇದನ್ನು ಎರಡು ದಿನ ಬಿಟ್ಟು ಬರೆಯುತ್ತಿದ್ದೇನೆ, ಅವತ್ತು ಕೈಯೇ ನಿಲ್ಲಲಿಲ್ಲ.

ಅಮ್ಮ ಪುತ್ತೂರಿನಿಂದ ಬೆಂಗಳೂರಿಗೆ ಬಂದಿದ್ದರು, ಜೊತೆಗೆ ಸರಿ ಹಿಟ್ಟು ತಂದಿದ್ದರು. ಕುಚ್ಚಲಕ್ಕಿ, ಮೊಳಕೆ ರಾಗಿ, ಹೆಸರುಬೇಳೆ, ಗೋಧಿ, ಹುರಿಗಡಲೆ, ಬಾದಾಮಿ, ಮನೆಯ ಮರದ್ದೇ ಗೇರುಬೀಜ, ಜೀರಿಗೆ, ಏಲಕ್ಕಿ. ಒಂಬತ್ತು ಸಾಮಾನು, ಒಂದೊಂದನ್ನೂ ಬೇರೆ ಬೇರೆ ಹುರಿದು ಪುಡಿ ಮಾಡಿದ್ದು. ನನ್ನನ್ನೂ ಅಣ್ಣನನ್ನೂ ಬೆಳೆಸಿದ ಹಿಟ್ಟು ಅದು. ಒಂದೊಂದಾಗಿ ಕೊಡಬೇಕು ಅಂತ ನಾನೇ ನಿಯಮ ಮಾಡಿಕೊಂಡವಳು, ಆದರೂ ಅಷ್ಟು ಕಷ್ಟಪಟ್ಟು ತಂದಿದ್ದಾರೆ ಅಂತ ಬೇಡ ಅನ್ನಲು ಮನಸ್ಸಾಗಲಿಲ್ಲ.

ಬೆಳಿಗ್ಗೆ 9:30ಕ್ಕೆ ಎರಡು ಚಮಚ ತಿಂದಳು. 9:45ಕ್ಕೆ ಬಾಯಿ ಸುತ್ತ ಕೆಂಪು. ಒರೆಸಿದ್ದಕ್ಕೆ ಇರಬೇಕು ಅಂದುಕೊಂಡೆ, ಅಷ್ಟರಲ್ಲಿ ಹೊಟ್ಟೆ, ಬೆನ್ನು ಎಲ್ಲ ಸೊಳ್ಳೆ ಕಚ್ಚಿದ ಹಾಗೆ ದದ್ದು ಎದ್ದಿತು, ಒಂದು ಕಣ್ಣು ಊದಿ ಮುಚ್ಚಿಕೊಂಡಿತು, ಎರಡು ಸಲ ವಾಂತಿ ಮಾಡಿದಳು. ಹತ್ತೂಕಾಲಿಗೆ ಆಸ್ಪತ್ರೆಯಲ್ಲಿದ್ದೆವು. ತೊಡೆಗೆ ಅಡ್ರಿನಲಿನ್ ಇಂಜೆಕ್ಷನ್ ಕೊಟ್ಟರು. ಚರ್ಮ ಒಂದೇ ಆಗಿದ್ದರೆ ಬೇರೆ ಮಾತು, ಚರ್ಮ ಮತ್ತು ಹೊಟ್ಟೆ ಎರಡೂ ಒಟ್ಟಿಗೆ ಕೆಟ್ಟರೆ ಕಾಯಬಾರದು ಅಂದರು. ಹತ್ತು ನಿಮಿಷದಲ್ಲಿ ದದ್ದು ಇಳಿಯತೊಡಗಿತು. ಸಂಜೆವರೆಗೆ ಅಲ್ಲೇ ಇಟ್ಟುಕೊಂಡರು, ಕೆಲವು ಮಕ್ಕಳಿಗೆ ಕೆಲವು ಗಂಟೆ ಬಿಟ್ಟು ಮತ್ತೆ ಬರುತ್ತದಂತೆ.

ಅಮ್ಮ ಪೂರ್ತಿ ಕುಗ್ಗಿಹೋದರು. "ಎಂತ ಮಾಡಿಬಿಟ್ಟೆ ಮಗಾ ನಾನು" ಅಂತ ರಾತ್ರಿಯಿಡೀ. ಪುತ್ತೂರಿನ ಕಡೆಯವರಿಗೆ ಗೊತ್ತಿರುತ್ತದೆ, ಗೇರುಬೀಜದ ಸಿಪ್ಪೆಯ ಸೊನೆ ತಾಗಿದರೆ ಕೈ ಸುಟ್ಟು ಬೊಬ್ಬೆ ಬರುತ್ತದೆ, ಅದಕ್ಕೇ ಸುಲಿಯುವಾಗ ಕೈಗೆ ಎಣ್ಣೆ ಹಚ್ಚಿಕೊಳ್ಳುತ್ತಾರೆ. ತಾನು ಸರಿಯಾಗಿ ಹುರಿಯಲಿಲ್ಲ, ಸೊನೆ ಉಳಿದಿತ್ತು ಅಂತಲೇ ಅಮ್ಮನ ಲೆಕ್ಕ.

6 ತಿಂಗಳು 24 ದಿನ

ನೋಟ್‌ಬುಕ್ ಉಪಯೋಗಕ್ಕೆ ಬಂತು. ಅಕ್ಕಿ, ರಾಗಿ, ಹೆಸರುಬೇಳೆ ಮೊದಲೇ ತಿಂದಿದ್ದಾಳೆ, ಅವು ಮೂರಕ್ಕೆ ಗೀಟು ಹಾಕಿದೆ. ಉಳಿದದ್ದು ಆರು. ಮನೆಯಲ್ಲೇ ಒಂದೊಂದಾಗಿ ಕೊಟ್ಟು ನೋಡೋಣ ಅಂತ ನನ್ನ ಗಂಡ ಅಂದರು, ಅಲರ್ಜಿ ಡಾಕ್ಟರ್ ಖಡಾಖಂಡಿತವಾಗಿ ಬೇಡ ಅಂದರು. ಒಮ್ಮೆ ಇಷ್ಟು ಜೋರಾಗಿ ಆದ ಮೇಲೆ ಮೊದಲು ಪರೀಕ್ಷೆ, ಆಮೇಲೆ ಚಮಚ.

7 ತಿಂಗಳು 3 ದಿನ

ಚರ್ಮದ ಚುಚ್ಚು ಪರೀಕ್ಷೆ. ಅಲರ್ಜಿಯ ಸಿರಪ್ಪನ್ನು ಕೆಲವು ದಿನ ಮೊದಲೇ ನಿಲ್ಲಿಸಿರಬೇಕು, ಇಲ್ಲದಿದ್ದರೆ ಏನೂ ಏಳುವುದಿಲ್ಲ. ಬೆನ್ನ ಮೇಲೆ ಒಂದೊಂದು ಹನಿ ಇಟ್ಟು ಮೆಲ್ಲಗೆ ಚುಚ್ಚುತ್ತಾರೆ, 15 ನಿಮಿಷ ಬಿಟ್ಟು ಗುಳ್ಳೆ ಅಳೆಯುತ್ತಾರೆ. ಗೋಧಿ, ಹುರಿಗಡಲೆ, ಬಾದಾಮಿ, ಕಡಲೆಕಾಯಿ, ಎಳ್ಳು ಏನೂ ಏಳಲಿಲ್ಲ. ಗೇರುಬೀಜ 8 ಮಿಲಿಮೀಟರ್. ಪಿಸ್ತಾ 4.

ಪಿಸ್ತಾ ಅವಳು ಕಂಡೇ ಇಲ್ಲ! ಎರಡೂ ಒಂದೇ ಕುಟುಂಬದ ಗಿಡವಂತೆ, ಪ್ರೋಟೀನ್ ತುಂಬ ಹೋಲುತ್ತದೆ, ಹಾಗಾಗಿ ಎರಡನ್ನೂ ಒಟ್ಟಿಗೇ ಬಿಡಬೇಕು. ಮಾವೂ ಅದೇ ಕುಟುಂಬ, ಆದರೆ ಅದರ ಹಣ್ಣು ಬಿಡಬೇಕಾಗಿಲ್ಲ ಅಂದರು, ಜೀವ ಬಂತು. ಗುಳ್ಳೆ ದೊಡ್ಡದಿದ್ದರೆ ಅಲರ್ಜಿ ಇರುವ ಸಾಧ್ಯತೆ ಜಾಸ್ತಿ, ಆದರೆ ಮುಂದಿನ ಸಲ ಎಷ್ಟು ಜೋರಾಗಿ ಬರುತ್ತದೆ ಅಂತ ಗುಳ್ಳೆ ಹೇಳುವುದಿಲ್ಲ.

ಅಮ್ಮನನ್ನು ಬೇಕೆಂದೇ ಜೊತೆಗೆ ಕರೆದುಕೊಂಡು ಹೋಗಿದ್ದೆ. ಸೊನೆಯ ಬಗ್ಗೆ ಅವರೇ ಕೇಳಿದರು. ಡಾಕ್ಟರ್ ಸಮಾಧಾನವಾಗಿ ಹೇಳಿದರು: ಸೊನೆ ಸುಡುವುದು ಸಿಪ್ಪೆಯ ಎಣ್ಣೆಯಿಂದ, ಇದು ಬೀಜದೊಳಗಿನ ಪ್ರೋಟೀನಿಗೆ ಮಗುವಿನ ಮೈ ತಿರುಗಿಬಿದ್ದದ್ದು, ನೀವು ಎಷ್ಟು ಹುರಿದಿದ್ದರೂ ಹೀಗೇ ಆಗುತ್ತಿತ್ತು. ಮೊದಲ ಸಲ ತಿಂದದ್ದಕ್ಕೇ ಹೇಗೆ ಅಂತ ನಾನು ಕೇಳಿದೆ. ಎಕ್ಸಿಮಾದಿಂದ ಒಡೆದ ಚರ್ಮದ ಮೂಲಕ ಮನೆಯ ಧೂಳಿನಲ್ಲಿರುವ ಆಹಾರದ ಕಣ ಒಳಗೆ ಹೋಗಿ ಮೈ ಮೊದಲೇ ಅದನ್ನು ಗುರುತಿಟ್ಟುಕೊಂಡಿರಬಹುದಂತೆ. ಈಗ ದಿನಕ್ಕೆ ಮೂರು ಸಲ ಕ್ರೀಮ್ ತಪ್ಪಿಸುತ್ತಿಲ್ಲ. ಬಸ್ಸಿನಲ್ಲಿ ವಾಪಸ್ ಬರುವಾಗ ಅಮ್ಮ ಅವತ್ತಿನ ನಂತರ ಮೊದಲ ಸಲ ಪುಟ್ಟಿಯನ್ನು ತಾವಾಗಿಯೇ ಎತ್ತಿಕೊಂಡರು.

7 ತಿಂಗಳು 15 ದಿನ

ಕಡಲೆಕಾಯಿ ಕೊಡಲು ನನಗೆ ಭಯ, ಒಂದು ವರ್ಷ ಬಿಟ್ಟು ನೋಡೋಣ ಅಂತಿದ್ದೆ. ಡಾಕ್ಟರ್ ಒಪ್ಪಲಿಲ್ಲ. ಬ್ರಿಟನ್ನಿನಲ್ಲಿ ಎಕ್ಸಿಮಾ ಜೋರಾಗಿದ್ದ ಅಥವಾ ಮೊಟ್ಟೆ ಅಲರ್ಜಿ ಇದ್ದ 640 ಕೂಸುಗಳ ಮೇಲೆ ಮಾಡಿದ ಅಧ್ಯಯನ 2015ರಲ್ಲಿ ಬಂತು, ಚಿಕ್ಕಂದಿನಿಂದಲೇ ಕಡಲೆಕಾಯಿ ತಿಂದವರಲ್ಲಿ ಐದನೇ ವರ್ಷಕ್ಕೆ ಅದರ ಅಲರ್ಜಿ ಶೇ 80ರಷ್ಟು ಕಡಿಮೆ ಇತ್ತು. ದೂರ ಇಡುವುದೇ ಕಾಪಾಡುವುದು ಅಂತ ನಾನು ತಿಳಿದಿದ್ದು ತಲೆಕೆಳಗು. ಹಾಗಾಗಿ ಅವರ ಕ್ಲಿನಿಕ್ಕಿನಲ್ಲೇ ಕೂತು ಕೊಟ್ಟೆವು. ನುಣ್ಣಗೆ ಅರೆದು ಬಿಸಿನೀರಿನಲ್ಲಿ ತೆಳ್ಳಗೆ ಕದಡಿದ್ದು (ಇಡೀ ಕಾಳು ಕೊಡಲೇಬಾರದು, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ). ಎರಡು ಗಂಟೆ ಕಾದೆವು. ಏನೂ ಆಗಲಿಲ್ಲ. ಈಗ ವಾರಕ್ಕೆ ಮೂರು ಸಲ ಕೊಡುತ್ತಿದ್ದೇನೆ.

8 ತಿಂಗಳು 10 ದಿನ

ಗೋಧಿ, ಹುರಿಗಡಲೆ, ಬಾದಾಮಿ, ಜೀರಿಗೆ, ಏಲಕ್ಕಿ ಎಲ್ಲ ಗೀಟು. ಕಷ್ಟ ಇರುವುದು ಮನೆಯ ಹೊರಗೆ. ಗೋಡಂಬಿ ಇಲ್ಲದ್ದು ಯಾವುದಿದೆ ನಮ್ಮಲ್ಲಿ? ಉಪ್ಪಿಟ್ಟು, ಪೊಂಗಲ್, ಕೇಸರಿಬಾತ್, ಪಾಯಸ. ಕಾಣುವಂಥದ್ದಾದರೆ ಸರಿ, ಹೋಟೆಲಿನ ಗ್ರೇವಿಯಲ್ಲಿ ಅರೆದು ಹಾಕಿದ್ದು ಕಾಣುವುದೇ ಇಲ್ಲ. ಗೋಡಂಬಿ ತೆಗೆದು ಪಾಯಸ ಕೊಡುತ್ತೇನೆ ಅಂತ ಅಕ್ಕರೆಯಿಂದ ಹೇಳುವವರಿಗೆ, ತುಪ್ಪದಲ್ಲಿ ಅದನ್ನು ಹುರಿದಿರುವುದೇ ಸಾಕು ಅಂತ ಪ್ರತಿ ಸಲ ಬಿಡಿಸಿ ಹೇಳುತ್ತೇನೆ. ಫ್ರಿಜ್ಜಿನ ಮೇಲೆ ಡಾಕ್ಟರ್ ಬರೆದುಕೊಟ್ಟ ಚೀಟಿ ಅಂಟಿಸಿದ್ದೇವೆ: ಉಸಿರಿನಲ್ಲಿ ಶಬ್ದ, ದನಿ ಬದಲಾಗುವುದು, ಮತ್ತೆ ಮತ್ತೆ ವಾಂತಿ, ಮೈ ಜೋಲುವುದು, ಇವುಗಳಲ್ಲಿ ಯಾವುದಾದರೂ ಆದರೆ ಸಿರಪ್ ಕುಡಿಸುತ್ತಾ ಕೂರದೆ ನೇರ ಆಸ್ಪತ್ರೆ. ಹಾಲು, ಮೊಟ್ಟೆಯ ಅಲರ್ಜಿ ಹೆಚ್ಚಿನ ಮಕ್ಕಳಿಗೆ ದೊಡ್ಡವರಾಗುತ್ತಾ ಬಿಟ್ಟುಹೋಗುತ್ತದೆ, ಗೇರುಬೀಜದ್ದು ಹೋಗುವುದು ಕಡಿಮೆ ಅಂತಲೂ ಹೇಳಿದ್ದಾರೆ. ವರ್ಷಕ್ಕೊಮ್ಮೆ ನೋಡುತ್ತಾರೆ.

9 ತಿಂಗಳು

ಅಮ್ಮ ಊರಿನಿಂದ ಮತ್ತೆ ಪುಡಿ ಕಳಿಸಿದ್ದಾರೆ. ಈ ಸಲ ಎಂಟು ಸಣ್ಣ ಡಬ್ಬಿ, ಒಂದೊಂದರ ಮೇಲೂ ಅವರದೇ ಅಕ್ಷರದಲ್ಲಿ ಹೆಸರು, ಹುರಿದ ತಾರೀಕು. ಮಿಕ್ಸಿಗೆ ಹೊಸ ಜಾರ್ ತೆಗೆದುಕೊಂಡರಂತೆ, ಹಳೆಯದರಲ್ಲಿ ಗೇರುಬೀಜ ಅರೆದಿತ್ತು ಅಂತ. ಒಂಬತ್ತನೇ ಡಬ್ಬಿ ಚಿಕ್ಕದು, ಎಳ್ಳು. ಇವತ್ತು ಬೆಳಿಗ್ಗೆ 9:10ಕ್ಕೆ ಅದರಿಂದ ಕಾಲು ಚಮಚ, ರಾಗಿಯಲ್ಲಿ ಕಲಸಿ ಕೊಟ್ಟೆ. 11:10ರವರೆಗೆ ಏನೂ ಇಲ್ಲ. ನಿದ್ದೆ ಮಾಡುತ್ತಿದ್ದಾಳೆ.