ಅವಳ ಮಗಳ ಹೆಸರು ಕಮಲ

ನಮ್ಮ ಬಯಾಲಜಿ ಮೇಡಂ ಕೋಡಾನ್ ಚಾರ್ಟನ್ನು, ಅಂದರೆ ಮೂರಕ್ಷರದ ಯಾವ ಗುಂಪಿಗೆ (ಕೋಡಾನ್) ಯಾವ ಅಮೈನೋ ಆಮ್ಲ ಎಂದು ತೋರಿಸುವ ಪಟ್ಟಿಯನ್ನು, ಬೀರುವಿನಿಂದ ಸುಲಭಕ್ಕೆ ಹೊರಗೆ ತೆಗೆಯುತ್ತಿರಲಿಲ್ಲ. ಟ್ಯೂಷನ್ನಿಗೆ ಹೋಗುವವರು ಆಗಲೇ ಅಮೈನೋ ಆಮ್ಲಗಳ, ಅಂದರೆ ಪ್ರೋಟೀನ್ ಸರಪಳಿಯ ಕೊಂಡಿಗಳ, ಹೆಸರನ್ನು ಬಾಯಿಪಾಠ ಮಾಡುತ್ತಿದ್ದರು. ಕ್ಲಾಸಿನಲ್ಲಿ ನಾವಿನ್ನೂ ಡಿಎನ್‌ಎಯ ಎರಡು ಎಳೆ ಗೀಚಿ, ದಿಕ್ಕು ತಿಳಿಯಲು ತುದಿಗಳಲ್ಲಿ 5 ಪ್ರೈಮ್, 3 ಪ್ರೈಮ್ ಎಂದು ಬರೆಯುತ್ತಾ ಕೂತಿರುತ್ತಿದ್ದೆವು. "ಎಲ್ಲಿಂದ ಶುರು, ಯಾವ ಕಡೆಗೆ? ಅದನ್ನ ಮೊದಲು ಹೇಳಿ. ಅಕ್ಷರ ಆಮೇಲೆ" ಎನ್ನುತ್ತಿದ್ದರು. ದಿಕ್ಕು ಬರೆಯದ ಉತ್ತರಕ್ಕೆ, ಅಕ್ಷರವೆಲ್ಲ ಸರಿಯಿದ್ದರೂ, ಸೊನ್ನೆ. ಹೆಸರು ಹಾಕಬೇಡ ಎಂದು ಅವರೇ ಹೇಳಿದ್ದಾರೆ, ಹಾಗಾಗಿ ಇಲ್ಲಿ ಬರೀ ಮೇಡಂ.

ಸುಮ್ನೆ ಮನಸ್ಸಿಗೆ ಬಂದ ನಾಲ್ಕು ಅಕ್ಷರ ಕೊಟ್ಟು ಬಿಡಿಸಿ ಎನ್ನುವುದು ಅವರಿಗೆ ಇಷ್ಟವಿರಲಿಲ್ಲ. ಬೋರ್ಡಿನ ಮೇಲೆ ಬರೆದದ್ದು ನಿಜವಾದ ಜೀನ್‌ನ ತುಣುಕು. ನಮ್ಮ ರಕ್ತದ ಹಿಮೋಗ್ಲೋಬಿನ್‌ನಲ್ಲಿರುವ ಬೀಟಾ ಗ್ಲೋಬಿನ್ ಸರಪಳಿಯದ್ದು. ಅಚ್ಚಿನ ಎಳೆ, ಅಂದರೆ ಟೆಂಪ್ಲೇಟ್, 3 ಪ್ರೈಮ್ ಕಡೆಯಿಂದ ಹೀಗೆ: ಟಿಎಸಿ ಸಿಎಸಿ ಜಿಟಿಎ ಜಿಎಸಿ ಟಿಜಿಎ ಜಿಜಿಎ ಸಿಟಿಸಿ ಸಿಟಿಸಿ. ಎ ಎದುರಿಗೆ ಯು (ಆರ್‌ಎನ್‌ಎಯಲ್ಲಿ ಟಿ ಬದಲು ಯು), ಟಿ ಎದುರಿಗೆ ಎ, ಸಿ ಎದುರಿಗೆ ಜಿ, ಜಿ ಎದುರಿಗೆ ಸಿ. ಜೋಡಿಸುತ್ತಾ ಹೋದರೆ ಜೀನ್‌ನ ನಕಲಾದ ಎಂಆರ್‌ಎನ್‌ಎ ತನ್ನ 5 ಪ್ರೈಮ್ ತುದಿಯಿಂದ ಬೆಳೆಯುತ್ತದೆ: ಎಯುಜಿ ಜಿಯುಜಿ ಸಿಎಯು ಸಿಯುಜಿ ಎಸಿಯು ಸಿಸಿಯು ಜಿಎಜಿ ಜಿಎಜಿ. ಅದೇ ಎಳೆಯನ್ನು ಇನ್ನೊಂದು ತುದಿಯಿಂದ ಹಿಡಿದು ಜೋಡಿಸಿ ನೋಡಿ. ಎಯುಜಿ ಎಲ್ಲೂ ಸಿಗುವುದಿಲ್ಲ. ಎಯುಜಿ ಇಲ್ಲದೆ, ಎಂಆರ್‌ಎನ್‌ಎ ಓದಿ ಪ್ರೋಟೀನ್ ಕಟ್ಟುವ ರೈಬೋಸೋಮ್ ಎಲ್ಲಿಂದ ಶುರು ಮಾಡಬೇಕು? ಆ ಸೊನ್ನೆ ಯಾಕೆ ಅಂತ ಆಗ ನಮಗೆ ತಿಳಿಯಿತು.

ಮೂರಕ್ಷರಕ್ಕೆ ಒಂದು ಅಮೈನೋ ಆಮ್ಲ, ನಡುವೆ ಅಲ್ಪವಿರಾಮವೂ ಇಲ್ಲ, ಖಾಲಿ ಜಾಗವೂ ಇಲ್ಲ. ಇದನ್ನು ಹೇಳಲು ಮೇಡಂ ಬೋರ್ಡಿನ ಮೇಲೆ ಒಂದು ಸಾಲು ಬರೆದರು: ಅವಳಮಗಳಹೆಸರುಕಮಲ. ಮೂರು ಮೂರಾಗಿ ಓದಿ ಎಂದರು. ಅವಳ, ಮಗಳ, ಹೆಸರು, ಕಮಲ. ಸರಿ, ಈಗ ಮೊದಲನೇ ಅಕ್ಷರ ಅಳಿಸಿದೆ, ಮತ್ತೆ ಮೂರು ಮೂರಾಗಿ ಓದಿ. ವಳಮ, ಗಳಹೆ, ಸರುಕ, ಕೊನೆಗೆ ಉಳಿದದ್ದು ಮಲ. ಹಿಂದಿನ ಬೆಂಚಿನಲ್ಲಿ ಶುರುವಾದ ನಗು ಮುಂದಿನ ಬೆಂಚಿಗೆ ಬರಲು ಜಾಸ್ತಿ ಹೊತ್ತು ಹಿಡಿಯಲಿಲ್ಲ. ಮೇಡಂ ನಗಲಿಲ್ಲ. "ಫ್ರೇಮ್‌ಶಿಫ್ಟ್ ಅಂದ್ರೆ ಇದೇ" ಎಂದು ಮುಂದುವರಿದರು. ಆಮೇಲೆ 'ಮಗಳ' ಪೂರ್ತಿ ಅಳಿಸಿದರು. ಅವಳ ಹೆಸರು ಕಮಲ. ಒಂದು ಪದ ಹೋಯಿತು, ಉಳಿದದ್ದು ಓದಲು ಬರುತ್ತದೆ.

1961ರಲ್ಲಿ ಕೇಂಬ್ರಿಜ್‌ನಲ್ಲಿ ಕ್ರಿಕ್, ಬ್ರೆನ್ನರ್ ಮತ್ತು ಜೊತೆಗಾರರು ಮಾಡಿದ್ದೂ ಹೆಚ್ಚುಕಮ್ಮಿ ಇದೇ. ಬ್ಯಾಕ್ಟೀರಿಯಾಕ್ಕೆ ತಗಲುವ ಟಿ4 ಎಂಬ ವೈರಸ್ಸಿನ ಜೀನ್‌ನಲ್ಲಿ ಒಂದು ಅಕ್ಷರ ಕಳೆದರೆ ಕೆಲಸ ಕೆಟ್ಟಿತು, ಎರಡು ಕಳೆದರೂ ಕೆಟ್ಟಿತು. ಹತ್ತಿರ ಹತ್ತಿರದಲ್ಲೇ ಮೂರು ಕಳೆದರೆ ಜೀನ್ ಮತ್ತೆ ಕೆಲಸ ಮಾಡಿತು. ಮೂರಕ್ಷರದ ಲೆಕ್ಕ ಗಟ್ಟಿಯಾದದ್ದು ಹಾಗೆ. ಅದೇ ವರ್ಷ ಅಮೆರಿಕದಲ್ಲಿ ನೀರೆನ್‌ಬರ್ಗ್ ಮತ್ತು ಮಥಾಯ್ ಬರೀ ಯು ಅಕ್ಷರಗಳೇ ಇರುವ ಆರ್‌ಎನ್‌ಎ ಹಾಕಿ ನೋಡಿದರು. ಬಂದದ್ದು ಬರೀ ಫಿನೈಲ್‌ಅಲನಿನ್ ಎಂಬ ಒಂದೇ ಅಮೈನೋ ಆಮ್ಲ.

ನಮಗೆ ಜಾಸ್ತಿ ಹಿಡಿಸಿದ್ದು ಖೊರಾನಾ ಅವರ ಲೆಕ್ಕ. ಹರಗೋಬಿಂದ್ ಖೊರಾನಾ ಹುಟ್ಟಿದ್ದು ಈಗಿನ ಪಾಕಿಸ್ತಾನದ ಪಂಜಾಬಿನ ರಾಯಪುರ ಎಂಬ ಹಳ್ಳಿಯಲ್ಲಿ. 1968ರಲ್ಲಿ ನೀರೆನ್‌ಬರ್ಗ್ ಮತ್ತು ರಾಬರ್ಟ್ ಹಾಲಿ ಜೊತೆ ನೊಬೆಲ್ ಹಂಚಿಕೊಂಡವರು. ಯುಸಿಯುಸಿಯುಸಿ ಎಂದು ಉದ್ದಕ್ಕೂ ಮರುಕಳಿಸುವ ಆರ್‌ಎನ್‌ಎಯನ್ನು ಅವರು ತಯಾರಿಸಿದರು. ಇದರಿಂದ ಏನು ಬರುತ್ತೆ ಅಂತ ಮೇಡಂ ಕೇಳಿದರು. ಮೂರು ಮೂರಾಗಿ ಕತ್ತರಿಸಿದರೆ ಯುಸಿಯು, ಸಿಯುಸಿ, ಮತ್ತೆ ಯುಸಿಯು. ಅಂದರೆ ಸೆರಿನ್, ಲ್ಯೂಸಿನ್, ಸೆರಿನ್, ಲ್ಯೂಸಿನ್. ಎಲ್ಲಿಂದ ಶುರು ಮಾಡಿದರೂ ಇವೆರಡೇ. ಚಾರ್ಟ್ ಹೊರಗೆ ಬಂದದ್ದು ಅವತ್ತು. 64 ಕೋಡಾನ್, ಅದರಲ್ಲಿ 3 ನಿಲ್ಲಿಸುವುದಕ್ಕೆ, ಉಳಿದ 61ರಲ್ಲಿ 20 ಅಮೈನೋ ಆಮ್ಲಗಳು. ಅಮೈನೋ ಆಮ್ಲ ಹೊತ್ತು ತರುವ ಟಿಆರ್‌ಎನ್‌ಎ, ಕೋಡಾನಿಗೆ ಜೋಡಿಯಾಗುವ ಅದರ ಆಂಟಿಕೋಡಾನ್ ಎಲ್ಲ ಆಮೇಲೆ ಬೇಗ ಮುಗಿದುಹೋಯಿತು.

ನಾನೀಗ ಮೈಸೂರಿನಲ್ಲಿ ರಕ್ತ ಪರೀಕ್ಷೆ ಮಾಡುವ ಲ್ಯಾಬಿನಲ್ಲಿದ್ದೇನೆ. ಎಚ್.ಡಿ. ಕೋಟೆ ಕಡೆಯ ಆದಿವಾಸಿ ಹಾಡಿಗಳ ಸ್ಯಾಂಪಲ್ ಸಿಕಲ್ ಸೆಲ್ ಎಂಬ, ಹುಟ್ಟಿನಿಂದ ಬರುವ ರಕ್ತದ ಕಾಯಿಲೆಯ ಪರೀಕ್ಷೆಗೆ ಬರುತ್ತವೆ. 2023ರ ಜುಲೈಯಲ್ಲಿ ಕೇಂದ್ರದ ಸಿಕಲ್ ಸೆಲ್ ಮಿಷನ್ ಶುರುವಾದ ಮೇಲೆ ಈ ಕಾಯಿಲೆಯ ಹೆಸರು ಕೇಳಿದವರೂ ಜಾಸ್ತಿ. ಇದರಲ್ಲಿ ಆಗುವುದು ಇಷ್ಟೇ: ಬೋರ್ಡಿನ ಮೇಲಿದ್ದ ಅದೇ ತುಣುಕು, ಮೊದಲ ಸಿಟಿಸಿ ಇದ್ದಲ್ಲಿ ಸಿಎಸಿ. ಎಂಆರ್‌ಎನ್‌ಎಯಲ್ಲಿ ಜಿಎಜಿ ಹೋಗಿ ಜಿಯುಜಿ. ಗ್ಲುಟಮಿಕ್ ಆಮ್ಲದ ಜಾಗದಲ್ಲಿ ವ್ಯಾಲಿನ್. ಕಮಲ ಹೋಗಿ ವಿಮಲ ಆದಂತೆ: ಸಾಲು ನೆಟ್ಟಗಿದೆ, ಹುಡುಗಿ ಬೇರೆ. ಗ್ಲುಟಮಿಕ್ ಆಮ್ಲಕ್ಕೆ ಋಣ ವಿದ್ಯುದಂಶ ಇದೆ, ವ್ಯಾಲಿನ್‌ಗೆ ಇಲ್ಲ. ನಮ್ಮ ಎಚ್‌ಪಿಎಲ್‌ಸಿ ಯಂತ್ರ ಎರಡು ಬಗೆಯ ಹಿಮೋಗ್ಲೋಬಿನ್‌ಗಳನ್ನು ಬೇರ್ಪಡಿಸುವುದು ಈ ವ್ಯತ್ಯಾಸದಿಂದಲೇ. ದೇಹದಲ್ಲಿ ಮಾತ್ರ ಫಲ ಬೇರೆ. ಆಮ್ಲಜನಕ ಬಿಟ್ಟುಕೊಟ್ಟ ಮೇಲೆ ಈ ಹಿಮೋಗ್ಲೋಬಿನ್‌ಗಳು ಒಂದಕ್ಕೊಂದು ಅಂಟಿ ಉದ್ದುದ್ದ ಎಳೆಗಳಾಗುತ್ತವೆ, ಕೆಂಪು ರಕ್ತಕಣ ಕುಡುಗೋಲಿನ ಹಾಗೆ ಬಾಗುತ್ತದೆ. ಅಪ್ಪ, ಅಮ್ಮ ಇಬ್ಬರಿಂದಲೂ ಆ ಜೀನ್ ಬಂದ ಮಕ್ಕಳಿಗೆ ಮೈಕೈ ನೋವು, ರಕ್ತಹೀನತೆ. ಒಬ್ಬರಿಂದ ಮಾತ್ರ ಬಂದಿದ್ದರೆ ಸಾಮಾನ್ಯವಾಗಿ ಏನೂ ತೊಂದರೆ ಇಲ್ಲ.

ಅದೇ ಜೀನ್‌ನಲ್ಲಿ ಸ್ವಲ್ಪ ಮುಂದೆ, 8 ಮತ್ತು 9ನೇ ಕೋಡಾನ್‌ಗಳ ನಡುವೆ, ಒಂದು ಜಿ ಜಾಸ್ತಿ ಸೇರಿಕೊಂಡರೆ ಕಥೆಯೇ ಬೇರೆ. ಬೀಟಾ ಗ್ಲೋಬಿನ್ ಸರಿಯಾಗಿ ತಯಾರಾಗದ ಕಾಯಿಲೆ ಬೀಟಾ ಥಲಸೀಮಿಯಾ; ನಮ್ಮ ದೇಶದಲ್ಲಿ ಅದರಲ್ಲಿ ಹೆಚ್ಚಾಗಿ ಕಾಣುವ ಬದಲಾವಣೆಗಳಲ್ಲಿ ಇದೂ ಒಂದು. ಅಲ್ಲಿಂದಾಚೆ ಎಲ್ಲ 'ವಳಮ ಗಳಹೆ'. ಒಂದಷ್ಟು ತಪ್ಪು ಅಮೈನೋ ಆಮ್ಲಗಳು ಸೇರಿ, 22ನೇ ಜಾಗದಲ್ಲಿ ನಿಲ್ಲಿಸುವ ಕೋಡಾನ್ ಯುಜಿಎ ಬಂದು ಎಲ್ಲ ನಿಂತುಬಿಡುತ್ತದೆ. ಇರಬೇಕಾದದ್ದು 146 ಅಮೈನೋ ಆಮ್ಲಗಳ ಸರಪಳಿ. ಹೊಸದಾಗಿ ಲ್ಯಾಬ್ ಸೇರಿದವರಿಗೆ ಇದನ್ನು ಹೇಳುವಾಗ ನಾನು ಕಮಲಳನ್ನೇ ಕರೆತರುತ್ತೇನೆ. 'ಮಲ' ಬಂದಾಗ ಅವರೂ ನಗುತ್ತಾರೆ.

ಈಗಿನ ವಿದ್ಯಾರ್ಥಿಗಳಿಗೆ ಒಂದು ವಿಷಯ. ಪಠ್ಯಪುಸ್ತಕದಲ್ಲಿ ಸಿಕಲ್ ಸೆಲ್ ಬದಲಾವಣೆ 6ನೇ ಅಮೈನೋ ಆಮ್ಲದಲ್ಲಿ ಎಂದಿರುತ್ತದೆ. ಈಚಿನ ಡಿಎನ್‌ಎ ರಿಪೋರ್ಟುಗಳಲ್ಲಿ 7 ಎಂದಿರುತ್ತದೆ. ಎರಡೂ ಸರಿ. ಮೇಲಿನ ಸಾಲನ್ನು ಎಯುಜಿಯಿಂದ ಎಣಿಸಿ ನೋಡಿ, ಜಿಎಜಿ ಏಳನೆಯದು. ಆದರೆ ಸರಪಳಿ ತಯಾರಾಗುವಾಗ ಮೊದಲ ಮೆಥಿಯೋನಿನ್ ಕಳಚಿಹೋಗುತ್ತದೆ. ಹಳೆಯ ಎಣಿಕೆ ಅದರ ಮುಂದಿನ ವ್ಯಾಲಿನ್‌ನಿಂದ ಶುರು. ನಾನು ಮೇಲೆ ಹೇಳಿದ 8, 9, 22 ಕೂಡ ಈ ಹಳೆಯ ಎಣಿಕೆಯವೇ. ಇದನ್ನು ಬರೆಯುವ ಮೊದಲು ಮೇಡಂಗೆ ಫೋನ್ ಮಾಡಿ ಕೇಳಿದೆ. "ಎಲ್ಲಿಂದ ಎಣಿಸಿದ್ದೀವಿ ಅಂತ ಬರೆದ್ರೆ ಯಾವುದಾದ್ರೂ ಸರಿನಪ್ಪ" ಎಂದವರು, ಒಂದು ಕ್ಷಣ ಬಿಟ್ಟು, "ಆದ್ರೆ ಬೋರ್ಡ್ ಪರೀಕ್ಷೆಯಲ್ಲಿ ಆರು ಅಂತಲೇ ಬರೀಲಿ, ಪೇಪರ್ ತಿದ್ದೋರ ಹತ್ರ ಇರೋದು ಕೀ ಆನ್ಸರ್ ಅಲ್ವಾ" ಎಂದರು.