ನಾಲ್ಕೂ ನಲ್ಲಿ ಒಟ್ಟಿಗೇ ಬಂದ್ ಆದಾಗ

2020ರ ಮಾರ್ಚ್ 5ರಂದು ಆಗಿನ ಮುಖ್ಯಮಂತ್ರಿ ಯಡಿಯೂರಪ್ಪನವರು ಮಂಡಿಸಿದ ಕರ್ನಾಟಕದ ಬಜೆಟ್ ಗಾತ್ರ ಸುಮಾರು 2.38 ಲಕ್ಷ ಕೋಟಿ ರೂಪಾಯಿ. ಮೂರೇ ವಾರದಲ್ಲಿ ಲಾಕ್‌ಡೌನ್ ಬಂದು ಆ ಲೆಕ್ಕವೆಲ್ಲ ತಲೆಕೆಳಗಾಯಿತು.

ರಾಜ್ಯದ ಸ್ವಂತ ತೆರಿಗೆಗೆ ಮುಖ್ಯ ನಲ್ಲಿಗಳು ನಾಲ್ಕು: ವಾಣಿಜ್ಯ ತೆರಿಗೆ, ಅಬಕಾರಿ, ಮುದ್ರಾಂಕ-ನೋಂದಣಿ, ವಾಹನ ತೆರಿಗೆ. ನಾಲ್ಕೂ ಒಟ್ಟಿಗೇ ನಿಂತವು. ಸಂಬಳ, ಪಿಂಚಣಿ, ಬಡ್ಡಿ ನಿಲ್ಲುತ್ತವೆಯೇ? ಅದಕ್ಕೇ ಇಂಥ ಹೊತ್ತಲ್ಲಿ ಕತ್ತರಿ ಮೊದಲು ಬೀಳುವುದು ಕಾಮಗಾರಿಗಳಿಗೆ. ನೌಕರರ ತುಟ್ಟಿಭತ್ಯೆ ಏರಿಕೆಗೂ ತಡೆ ಬಿತ್ತು. ಮೇ 4ರಂದು ಮದ್ಯದಂಗಡಿ ತೆರೆಯಲು ಅಷ್ಟು ಆತುರ ಯಾಕಿತ್ತು ಅಂತ ಈಗ ಗೊತ್ತಾಯಿತಲ್ಲ!

ಜಿಎಸ್‌ಟಿ ಆದಾಯ ವರ್ಷಕ್ಕೆ 14% ಏರದಿದ್ದರೆ ರಾಜ್ಯಗಳಿಗೆ ಕೇಂದ್ರ ಕೊರತೆ ತುಂಬಿಕೊಡಬೇಕು ಎಂದು ಕಾನೂನಿನಲ್ಲೇ ಇತ್ತು. ಆದರೆ ಆ ಪರಿಹಾರಕ್ಕೆಂದೇ ಹಾಕುತ್ತಿದ್ದ ಹೆಚ್ಚುವರಿ ತೆರಿಗೆ, ಅಂದರೆ ಸೆಸ್ಸೇ, ಸಾಕಷ್ಟು ಬರಲಿಲ್ಲ. ಕೊನೆಗೆ ಕೇಂದ್ರ 1.1 ಲಕ್ಷ ಕೋಟಿ ಸಾಲವೆತ್ತಿ ರಾಜ್ಯಗಳಿಗೆ ಸಾಲವಾಗಿಯೇ ದಾಟಿಸಿತು. ತೀರಿಸಲು ಸೆಸ್ ಅವಧಿ 2026ರ ಮಾರ್ಚ್‌ವರೆಗೆ ಹಿಗ್ಗಿತು.

ರಾಜ್ಯಗಳ ಸಾಲದ ಮಿತಿ ಜಿಎಸ್‌ಡಿಪಿಯ (ರಾಜ್ಯದ ಒಟ್ಟು ಉತ್ಪನ್ನದ) 3%ರಿಂದ 5%ಕ್ಕೆ ಏರಿತು ನಿಜ. ಹೆಚ್ಚುವರಿ 2%ರಲ್ಲಿ ಮೊದಲಿಗೆ ಷರತ್ತಿಲ್ಲದೆ ಸಿಕ್ಕಿದ್ದು ಕಾಲು ಭಾಗ ಮಾತ್ರ, ಅಂದರೆ 0.5%. ಉಳಿದದ್ದಕ್ಕೆ ಪಡಿತರ ಚೀಟಿ, ವಿದ್ಯುತ್, ನಗರ ಆಸ್ತಿ ತೆರಿಗೆಯಂಥ ಸುಧಾರಣೆಗಳ ಗಂಟು. ಮರುವರ್ಷದ ಬಜೆಟ್ಟಿನಲ್ಲಿ ಸುಮಾರು 15 ಸಾವಿರ ಕೋಟಿ ರಾಜಸ್ವ ಕೊರತೆ: ದಿನದ ಖರ್ಚಿಗೂ ಸಾಲ.