ಬೋರ್ಟನ್‌ಗೆ ಹೋಗುವುದಾದರೆ ಮಂಗಳವಾರ ಹೋಗಿ

ರೂಮಿನ ವಿಷಯದಿಂದಲೇ ಶುರು ಮಾಡುತ್ತೇನೆ, ಹೊಟ್ಟೆಯುರಿ ಇನ್ನೂ ಆರಿಲ್ಲ. ಇಂಗ್ಲೆಂಡಿನ ಗುಡ್ಡಗಾಡು ಸೀಮೆ ಕಾಟ್ಸ್‌ವೋಲ್ಡ್ಸ್‌ನ ಬೋರ್ಟನ್ ಆನ್ ದ ವಾಟರ್‌ನಲ್ಲಿ ನವೆಂಬರಿನ ಒಂದು ಶನಿವಾರ ರಾತ್ರಿಗೆ 168 ಪೌಂಡ್ ತೆತ್ತೆವು. ಸಿಕ್ಕಿದ್ದು ಅಟ್ಟ. ಫೋಟೋದಲ್ಲಿ ಮೆರೆಸಿದ್ದ ಹಳೇ ಕಾಲದ ತೊಲೆ ನನ್ನ ಹಣೆಗೆ ಎರಡು ಸಲ ಬಡಿಯಿತು. ನನ್ನವಳು ಐದಡಿ, ಬಚಾವಾದಳು. ಮನೆಯವರು ಅಂತ ಯಾರೂ ಇಲ್ಲ. ಬಾಗಿಲ ಪಕ್ಕ ನಂಬರ್ ಒತ್ತಿ ತೆಗೆಯುವ ಪುಟ್ಟ ಪೆಟ್ಟಿಗೆ, ಅದರೊಳಗೆ ಕೀಲಿ. ರೇಡಿಯೇಟರ್ ಬಿಸಿಯಾಗುತ್ತಿಲ್ಲ ಎಂದು ದೂರೋಣವೆಂದರೆ ಫೋನೆತ್ತಿದ ಮಾಲೀಕರು ಲಂಡನ್ನಿನಲ್ಲಿದ್ದರು.

ಆ ಪೆಟ್ಟಿಗೆ ಒಮ್ಮೆ ಕಣ್ಣಿಗೆ ಬಿದ್ದ ಮೇಲೆ ಎಲ್ಲೆಲ್ಲೂ ಅದೇ. ನಮ್ಮ ಓಣಿಯ 14 ಮನೆಗಳಲ್ಲಿ 8ರ ಗೋಡೆಗೆ ನೇತಾಡುತ್ತಿತ್ತು. ಜೇನುಬಣ್ಣದ ಸುಣ್ಣಕಲ್ಲಿನ ಗೋಡೆ, ಪುಟಾಣಿ ಕಿಟಕಿ, ಒಳಗೆ ಸೂಟ್‌ಕೇಸ್ ಎಳೆದುಕೊಂಡು ಬಂದ ನಮ್ಮಂಥವರೇ.

ಇವಳಿಗೆ ರಿಟೈರ್ ಆದ ಮೇಲೆ ಇಂಥ ಕಡೆ ಮನೆ ಮಾಡುವ ಆಸೆ. ಹಾಗಾಗಿ ಮನೆ ಮಾರುವ ಏಜೆಂಟರ ಕಿಟಕಿಯ ಮುಂದೆ ನಿಂತೆವು. ಎರಡು ಬೆಡ್‌ರೂಮಿನ ಸಾಲುಮನೆಗೆ 4.75 ಲಕ್ಷ ಪೌಂಡ್. ನಮ್ಮ ಲೆಕ್ಕದಲ್ಲಿ ಐದು ಕೋಟಿ ರೂಪಾಯಿ ದಾಟಿತು. ಕಾರು ನಿಲ್ಲಿಸಲು ಜಾಗವಿಲ್ಲ. ಕೆಳಗೆ ಒಂದು ಸಾಲು: 'ರಜಾ ಬಾಡಿಗೆಗೆ ಹೇಳಿ ಮಾಡಿಸಿದ್ದು.' ಎರಡನೇ ಮನೆ ಕೊಳ್ಳುವವರ ಹೆಚ್ಚುವರಿ ಸ್ಟಾಂಪ್ ಡ್ಯೂಟಿ 2024ರ ಅಕ್ಟೋಬರ್ ಕೊನೆಗೆ ಶೇ. 3ರಿಂದ 5ಕ್ಕೆ ಏರಿದೆ. 2025ರ ಏಪ್ರಿಲ್‌ನಿಂದ ಅಂಥ ಮನೆಗಳಿಗೆ ದುಪ್ಪಟ್ಟು ಕೌನ್ಸಿಲ್ ಟ್ಯಾಕ್ಸ್, ಅಂದರೆ ಮನೆಗಂದಾಯ, ಹಾಕುವ ಅಧಿಕಾರವೂ ಇಂಗ್ಲೆಂಡಿನ ಸ್ಥಳೀಯ ಕೌನ್ಸಿಲ್‌ಗಳಿಗೆ ಸಿಕ್ಕಿದೆ. ಆದರೆ ವರ್ಷಕ್ಕೆ 140 ದಿನ ಬಾಡಿಗೆಗೆ ತೆರೆದಿಟ್ಟು 70 ದಿನ ನಿಜವಾಗಿ ಕೊಟ್ಟರೆ ಅದು ಮನೆಯಲ್ಲ, ವ್ಯಾಪಾರ. ಕೌನ್ಸಿಲ್ ಟ್ಯಾಕ್ಸೇ ಇಲ್ಲ. ಪೆಟ್ಟಿಗೆಗಳ ಗುಟ್ಟು ನನಗೆ ಅರ್ಥವಾಗಿದ್ದು ಆಗ.

ಭಾನುವಾರದ ಬಗ್ಗೆ ಬರೆಯಲು ಏನೂ ಇಲ್ಲ. ವಿಂಡ್‌ರಶ್ ಹೊಳೆ ಪಾದ ಮುಳುಗುವಷ್ಟಿದೆ, ಅದರ ಮೇಲಿನ ಐದು ಕಲ್ಲುಸೇತುವೆಗಳಲ್ಲಿ ಸೆಲ್ಫಿಗೆ ಕ್ಯೂ. ನನಗೆ ಜನಜಂಗುಳಿ ಆಗಿಬರುವುದಿಲ್ಲ, ಜಾತ್ರೆ ಇಷ್ಟಪಡುವವರು ಈ ಮಾತು ಬಿಡಿ. ವಾರದ ದಿನದ ಬಸ್ ವೇಳಾಪಟ್ಟಿ ನೋಡಿಕೊಂಡು ಭಾನುವಾರ ಕಾದದ್ದು ನನ್ನದೇ ತಪ್ಪು. ಟ್ಯಾಕ್ಸಿಗೆ 35 ಪೌಂಡ್ ದಂಡ.

ಎರಡು ವಾರ ಬಿಟ್ಟು, ಹಟ ಹಿಡಿದು, ಮಂಗಳವಾರ ಮತ್ತೆ ಹೋದೆವು. ಊರೇ ಬೇರೆ. ಒಂದು ಹಾಲ್‌ನ ಬಾಗಿಲಿಗೆ ಕೈಬರಹದ ಬೋರ್ಡು: ಕಾಫಿ, ಕೇಕ್, ಎರಡೂವರೆ ಪೌಂಡ್. ಒಳಗೆ ಪ್ಲಾಸ್ಟಿಕ್ ಕುರ್ಚಿ, ಸ್ಟೀಲ್ ಕೆಟಲ್, ಎಪ್ಪತ್ತು ದಾಟಿದ ಏಳೆಂಟು ಅಜ್ಜಿಯರು. ಅಕ್ರೋಟು ಹಾಕಿದ ಕಾಫಿ ಕೇಕಿನ ತುಂಡು ನನ್ನ ಅಂಗೈಯಷ್ಟಿತ್ತು. ಮೊಟ್ಟೆ ತಿನ್ನದ ಇವಳಿಗೆ ಒಬ್ಬರು ಒಳಗಿಂದ ಟೋಸ್ಟ್ ಮಾಡಿ, ಮನೆಯಲ್ಲೇ ಕಾಯಿಸಿದ ಪ್ಲಮ್ ಜಾಮ್ ಹಚ್ಚಿ ತಂದರು. ಕಾಸು ಕೊಡಲು ಹೋದರೆ ಗದರಿದರು. ಕಪ್ಪು ಖಾಲಿಯಾಗಲು ಬಿಡಲಿಲ್ಲ. ಆ ಅಟ್ಟದ ರೂಮಿನ ಮಾತು ತೆಗೆದಾಗ ಎಲ್ಲರೂ ನಕ್ಕರು: ಅಲ್ಲಿ ಮುಂಚೆ ಯಾರಿದ್ದರು, ಅವರ ನಾಯಿಯ ಹೆಸರೇನು, ಎಲ್ಲ ಗೊತ್ತು. ಜಾಮ್ ಹಚ್ಚಿದವರ ಮೊಮ್ಮಗ ಇದೇ ಊರಿನ ಅಡುಗೆಮನೆಯೊಂದರಲ್ಲಿ ಕೆಲಸಕ್ಕಿದ್ದಾನಂತೆ, ಬಾಡಿಗೆ ಮನೆ ಮಾತ್ರ ದೂರದ ಈವ್‌ಶಮ್‌ನಲ್ಲಿ. "ಅವನು ಮನೆ ಕೊಳ್ಳಬಹುದಾದದ್ದು ಆ ಒಂಬತ್ತರಲ್ಲೊಂದು ಪಾಲಿನ ಊರಲ್ಲಿ ಮಾತ್ರ" ಅಂದರು. 1937ರಲ್ಲಿ ತೆರೆದ ಮಾಡೆಲ್ ವಿಲೇಜ್ ಅದು, ಬೋರ್ಟನ್ನೇ ಕುಗ್ಗಿಸಿ ಕಲ್ಲಿನಲ್ಲಿ ಕಟ್ಟಿದ್ದು. ಅದಕ್ಕೆ ಟಿಕೆಟ್ ಕೊಂಡರೆ ದುಡ್ಡು ದಂಡವಲ್ಲ.

ಉಳಿಯಲು ಬೋರ್ಟನ್ ಬೇಡ, ಮೋರ್ಟನ್ ಇನ್ ಮಾರ್ಶ್ ಸಾಕು. ಹೆಸರು ಅದಲುಬದಲಾಗದಂತೆ ಬುಕ್ ಮಾಡಿ. ಲಂಡನ್ ಪ್ಯಾಡಿಂಗ್‌ಟನ್‌ನಿಂದ ರೆಡಿಂಗ್, ಆಕ್ಸ್‌ಫರ್ಡ್ ಮೇಲೆ ನೇರ ರೈಲು ಅಲ್ಲಿಗೇ ಬರುತ್ತದೆ. ಮಂಗಳವಾರ ಬೀದಿಯುದ್ದಕ್ಕೂ ಸಂತೆ. ಅಲ್ಲಿಂದ ಬೋರ್ಟನ್‌ಗೆ ಬಸ್ಸು. 2025ರ ಜನವರಿಯಿಂದ ಇಂಗ್ಲೆಂಡಿನ ಹೆಚ್ಚಿನ ಬಸ್ಸುಗಳಲ್ಲಿ ಒಂದು ಕಡೆಯ ಟಿಕೆಟ್ 3 ಪೌಂಡ್ ಮೀರುವುದಿಲ್ಲ.

ಮಧ್ಯಾಹ್ನ ಬೋರ್ಟನ್ನಿನಿಂದ ಪಕ್ಕದ ಹಳ್ಳಿ ಲೋವರ್ ಸ್ಲಾಟರ್‌ಗೆ ನಡೆದೇ ಹೋಗಿ, ಒಂದೂವರೆ ಕಿಲೋಮೀಟರ್ ಚಿಲ್ಲರೆ. ಹೆಸರು ಕೇಳಿ ಹೆದರಬೇಡಿ, ಕಟುಕರಿಗೂ ಅದಕ್ಕೂ ಸಂಬಂಧವಿಲ್ಲ. ಕೆಸರು ನೆಲ ಎಂಬರ್ಥದ ಹಳೇ ಇಂಗ್ಲಿಷ್ ಪದವಂತೆ. ಅರ್ಥ ಈಗಲೂ ಸರಿಯಾಗಿದೆ. ಬಿಳಿ ಶೂ ಹಾಕಬೇಡಿ.